ಮೆಕ್ಸಿಕೋ ಹೋಟೆಲಿನಲ್ಲಿ ಜಯಕ್ಕನ ಎಡೆ

ಈ ಬೆಳಿಗ್ಗೆ ಕಾವಲಿಯ ಮೇಲೆ ಮೆಕ್ಕೆಜೋಳದ ರೊಟ್ಟಿ ಬೆಚ್ಚಗೆ ಮಾಡುತ್ತಿದ್ದೆ. ಅಂಗಡಿಯ ಪ್ಯಾಕೆಟ್ಟಿನದು, ಹೊರಗೆ ತೆಗೆದರೆ ರಟ್ಟಿನ ಹಾಗಿರುತ್ತದೆ. ಆದರೆ ಒಂದು ಬದಿ ಕಾದು ಸಣ್ಣ ಕಂದು ಚುಕ್ಕೆ ಏಳುವ ಹೊತ್ತಿಗೆ ಅದರಿಂದ ಒಂದು ವಾಸನೆ ಬರುತ್ತದೆ, ಸುಣ್ಣದ ತಿಳಿಯಲ್ಲಿ ಕಾಳು ಬೆಂದ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ನಿಂತಲ್ಲೇ ನಿಂತೆ, ರೊಟ್ಟಿ ಸೀದುಹೋಯಿತು. ನನ್ನ ಅಡುಗೆಮನೆಯಲ್ಲಿ ಏನು ಸೀದರೂ ನೆನಪಿನ ಮೇಲೆ ಹಾಕುವುದು ನನ್ನ ರೂಢಿ. ಮನೆಯವರು ನಂಬುವುದಿಲ್ಲ. ಈ ಸಲ ಮಾತ್ರ ನಿಜ.

ಆಸ್ಟ್ರೇಲಿಯಾದ ಪರ್ತ್ ಊರಿನ ಅಂಚಿನ ಪಿಯಾರಾ ವಾಟರ್ಸ್‌ನ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಒಂದು ಸರ್ವೋದ ಪಕ್ಕಕ್ಕೆ, ರೋಸಾ ಎಂಬವರ ಹೋಟೆಲಿತ್ತು. ಸರ್ವೋ ಅಂದರೆ ಇಲ್ಲಿಯವರ ಬಾಯಲ್ಲಿ ಪೆಟ್ರೋಲ್ ಬಂಕು. ಹೋಟೆಲಿನಲ್ಲಿ ಆರೇಳು ಮೇಜು, ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ, ಒಂದು ಕಾಲು ಗಿಡ್ಡವಾದ ಕುರ್ಚಿಗಳು. ರೋಸಾ ಮೆಕ್ಸಿಕೋದವರು, ನನಗಿಂತ ಸ್ವಲ್ಪ ಹಿರಿಯರು. ಮೆಕ್ಕೆಜೋಳದ ಕಾಳನ್ನು ಸುಣ್ಣದ ತಿಳಿಯಲ್ಲಿ ಬೇಯಿಸಿ, ನೆನೆಸಿ, ರುಬ್ಬಿ, ಹಿಟ್ಟಿನ ಉಂಡೆಯನ್ನು ಕಬ್ಬಿಣದ ಒತ್ತಿನಲ್ಲಿಟ್ಟು ಅಂಗೈಯಗಲದ ರೊಟ್ಟಿ ಒತ್ತುತ್ತಿದ್ದರು. ಮೊದಲ ಸಲ ಹೋದಾಗ ನಮ್ಮವರು ತಟ್ಟೆ ನೋಡಿ, “ಇದೇನೇ ಇದು, ರೊಟ್ಟಿ ಮರಿ ಹಾಕಿದೆ!” ಅಂದರು. ಆಮೇಲೆ ಎಷ್ಟು ಮರಿ ತಿಂದರೋ ಅವರಿಗೇ ಲೆಕ್ಕ ಸಿಗಲಿಲ್ಲ. ಹುರಿದ ಒಣಮೆಣಸಿನಕಾಯಿಯ ಗಟ್ಟಿ ಚಟ್ನಿ, ಬೇಯಿಸಿ ಮಸೆದ ಕಪ್ಪು ಕಾಳು, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ ಹೋಳು. ಕೈಯಲ್ಲಿ ತಿನ್ನುವ ಊಟ. ಪರ್ತ್‌ನಲ್ಲಿ ಚಮಚಕ್ಕೆ ಹೆದರದೆ ಕೂತದ್ದು ನಾವು ಅಲ್ಲಿಯೇ.

ನಮ್ಮವರು ಗಣಿಯ ಇಂಜಿನಿಯರು. ಉತ್ತರದ ಕೆಂಪು ಮಣ್ಣಿನಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ. ಮನೆಯ ವಾರದ ಶನಿವಾರ ರೋಸಾ ಅವರಲ್ಲಿ ಊಟ ಅಂತ ತಾನಾಗಿ ಆಗಿಹೋಯಿತು. ಊಟ ಮಾಡುತ್ತಾ ಗಣಿ, ಮಗಳ ಸ್ಕೂಲು, ಸಾಲದ ಬಡ್ಡಿ ಎಲ್ಲ ಮಾತಾಡುತ್ತಿದ್ದರು. ಜಯಕ್ಕನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಜಯಕ್ಕ ಅವರ ಅಕ್ಕ. ಅವರಮ್ಮ ಕೊಳ್ಳೇಗಾಲದ ಕಡೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೊತ್ತು ಹುಟ್ಟುವ ಮೊದಲೇ ಹೋಗುತ್ತಿದ್ದರು. ತಮ್ಮನಿಗೆ ಸ್ನಾನ ಮಾಡಿಸಿದವರು, ಮುದ್ದೆ ಮುರಿದು ನುಂಗಲು ಕಲಿಸಿದವರು, ಲೆಕ್ಕ ತಪ್ಪಿದರೆ ಕಿವಿ ಹಿಂಡಿದವರು, ಎಲ್ಲ ಅಕ್ಕನೇ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಗಂಡನ ಮನೆಯಿಂದ ತವರಿಗೆ ಬಂದ ಅವರನ್ನು ಊಟಕ್ಕೆ ಕರೆದರೆ, “ನೀವು ಉಣ್ಣಿ ತಾಯಿ, ನಂದು ಆಮೇಲೆ” ಅನ್ನುತ್ತಿದ್ದರು. ಎಲ್ಲರದೂ ಆಗಿ ಪಾತ್ರೆ ಎತ್ತಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಉಣ್ಣುವರು. ನೆಂಟರ ಮನೆಗೆ ಹೋದರೂ ಅಷ್ಟೇ. ಅವರು ನಮ್ಮ ಜೊತೆ ಕೂತು ಒಂದು ತುತ್ತು ತಿಂದದ್ದನ್ನು ನಾನು ನೋಡಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಜಯಕ್ಕ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವರ ಗಂಡ ಇನ್ನೊಂದು ಮದುವೆಯಾದರು. ಅದು ಅವರ ಬದುಕು, ಅದಕ್ಕೆ ನಾವೇನೂ ಅನ್ನುವಂತಿಲ್ಲ. ಆದರೆ ಆ ಮನೆಯಲ್ಲಿ ಜಯಕ್ಕನ ಹೆಸರು ಎತ್ತುವವರು ಯಾರೂ ಉಳಿಯಲಿಲ್ಲ.

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುವುದು. ಒಳಗೆ ಹಿರಿಯರು ಬಂದು ಉಂಡು ಹೋಗಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನಾವು ಉಣ್ಣಬೇಕು. ಜಯಕ್ಕ ತೀರಿಕೊಂಡ ವರ್ಷ ನಮ್ಮವರು ಊರಿಗೆ ಫೋನು ಮಾಡಿ, “ಅಮ್ಮಾ, ಅಕ್ಕಂಗೆ ನಾನು ಇಲ್ಲಿ ಎಡೆ ಇಡ್ಲಾ?” ಅಂತ ಕೇಳಿದರು.

“ಕೊಟ್ಟ ಹೆಣ್ಣು ಕಣಪ್ಪಾ. ಅವಳಿಗೆ ಅವರ ಮನೇಲೇ ಇಡ್ಬೇಕು. ನಾವಿಟ್ರೆ ತಪ್ಪಾಗುತ್ತೆ.”

“ಅಲ್ಲಿ ಯಾರಮ್ಮಾ ಇಡ್ತಾರೆ?”

ಅತ್ತೆ ಮೊಮ್ಮಗಳ ಸ್ಕೂಲು ಹೇಗಿದೆ ಅಂತ ಕೇಳಿದರು. ಇವರೂ ಎಡೆಯ ಮಾತು ಮತ್ತೆ ಕೇಳಲಿಲ್ಲ.

ಆ ನವೆಂಬರ್ ಮೊದಲ ವಾರ, ತೀರಿಹೋದವರನ್ನು ಕರೆದು ಉಣಿಸುವ ಮೆಕ್ಸಿಕೋದ ಹಬ್ಬಕ್ಕೆ, ರೋಸಾ ಹೋಟೆಲಿನ ಒಂದು ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಪೆಟ್ಟಿಗೆ ಜೋಡಿಸಿ, ಬಟ್ಟೆ ಹಾಸಿ, ಚೆಂಡುಹೂ ಸುರಿದಿದ್ದರು. ಅದರ ಮೇಲೆ ಅವರ ತಾಯಿಯ ಫೋಟೋ, ಗಂಡನ ಫೋಟೋ, ಮುಂದೆ ಬ್ರೆಡ್ಡು, ಕಿತ್ತಳೆ, ಒಂದು ಲೋಟ ನೀರು, ಒಂದು ಸಿಗರೇಟು. ನಮ್ಮವರು ನೋಡುತ್ತಾ ನಿಂತುಬಿಟ್ಟರು. ಕಾಲಿನ ಚಪ್ಪಲಿ ಯಾವಾಗ ಬಿಟ್ಟಿದ್ದರೋ!

“ನಿಮ್ಮವರ ಫೋಟೋನೂ ತನ್ನಿ, ಜಾಗ ಇದೆ” ಅಂದರು ರೋಸಾ. ಅವರ ಇಂಗ್ಲಿಷೂ ನಮ್ಮದೂ ಒಂದೇ ತೂಕದ್ದಾದ್ದರಿಂದ ಅರ್ಥವಾಗುವುದಕ್ಕೆ ತೊಂದರೆಯಿರಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ನಮ್ಮವರು ಅಂದರು: “ಅದು ನಮ್ಮನೆ ಅಲ್ವಲ್ಲ. ಅಲ್ಲಿಟ್ರೆ ತಪ್ಪಾಗಲ್ಲ ಅಲ್ವೇನೇ?” ದೊಡ್ಡ ದೊಡ್ಡ ಯಂತ್ರ ನಡೆಸುವ ಮನುಷ್ಯ, ಮಗುವಿನ ಹಾಗೆ ಕೇಳಿದರು. “ಆಗಲ್ಲ” ಅಂದೆ. ನನಗೇನು ಗೊತ್ತಿತ್ತು?

ಮರುದಿನ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿ ಡಬ್ಬಿಗೆ ತುಂಬಿದೆ. ನಮ್ಮವರು ಜಯಕ್ಕನ ಫೋಟೋವನ್ನು ರೋಸಾ ಅವರ ತಾಯಿಯ ಪಕ್ಕದಲ್ಲಿಟ್ಟರು. ಬ್ರೆಡ್ಡು ಕಿತ್ತಳೆಗಳ ನಡುವೆ ಜಾಗ ಮಾಡಿ ಮುದ್ದೆಯ ತಟ್ಟೆ ಇಟ್ಟು, ಕೈಮುಗಿದು, ಸೀದಾ ಹೊರಗೆ ನಡೆದರು. ನಾನೂ ಮಗಳು ಅನುವೂ ಹಿಂದೆಯೇ ಹೋದೆವು. ಅವರು ಹೋಟೆಲಿನ ಗಾಜಿನ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಮಾಡಿ ನಿಂತರು. ಒಳಗೆ ಬೇರೆ ಗಿರಾಕಿಗಳು ನೆಮ್ಮದಿಯಾಗಿ ತಿನ್ನುತ್ತಿದ್ದರು. ಬಿಸಿಲಿನಲ್ಲಿ ನಾವು ಮೂವರು, ಪಕ್ಕದಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳುವ ಕಾರುಗಳು.

“ಅಪ್ಪಾ, ವೈ ಆರ್ ವೀ ಔಟ್‌ಸೈಡ್?”

“ಜಯತ್ತೆ ಊಟ ಮಾಡ್ತಿದ್ದಾರೆ ಪುಟ್ಟಾ. ಸ್ವಲ್ಪ ಹೊತ್ತು.”

“ಬಟ್ ದೇರ್ ಆರ್ ಪೀಪಲ್ ಇನ್ ದೇರ್!”

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ರೋಸಾ ಬಂದರು, ಕೈಯಲ್ಲಿ ಹಿಟ್ಟು. “ಏನಾಯ್ತು? ಊಟ ಸರಿಯಿಲ್ವಾ?” ನಮ್ಮವರು ತಡವರಿಸುತ್ತಾ ವಿವರಿಸಿದರು: ಎಡೆ, ಹಿರಿಯರು, ಮುಚ್ಚಿದ ಬಾಗಿಲು. ರೋಸಾ ಎಲ್ಲ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಕೇಳಿದರು: “ಅಷ್ಟು ದೂರದಿಂದ ಬಂದವರನ್ನ ಒಬ್ಬರೇ ಉಣ್ಣೋಕೆ ಬಿಟ್ಟು ಯಾಕೆ ಹೊರಗೆ ನಿಲ್ತೀರಿ? ನಮ್ಮಲ್ಲಿ ಜೊತೇಲೇ ಕೂತು ತಿಂತೀವಿ.”

ನಮ್ಮವರು ಬಾಗಿಲು ತೆಗೆದು ಒಳಗೆ ಹೋದರು. ಗೋಡೆಯ ಪಕ್ಕದ ಮೇಜನ್ನೇ ಹಿಡಿದು, ಅಕ್ಕನ ಫೋಟೋಗೆ ಎದುರಾಗಿ ಕೂತು ಉಂಡರು. ಉಣ್ಣುತ್ತಲೇ ಅತ್ತರು. ಅಕ್ಕ ತೀರಿದ ಸುದ್ದಿ ಬಂದ ದಿನವೂ ಅಳದ ಮನುಷ್ಯ. ಅನು ಟಿಶ್ಯೂ ತಂದು ತಂದು ಕೊಟ್ಟಳು. ಆಮೇಲೆ ಮಗಳಿಗೆ ಅಕ್ಕನ ಕಥೆ ಹೇಳುತ್ತಾ ಹೋದರು, ಕಿವಿ ಹಿಂಡಿದ್ದೂ ಸೇರಿ.

ಆಮೇಲಿನ ವರ್ಷಗಳಲ್ಲೂ ಜಯಕ್ಕನ ಊಟ ಅಲ್ಲಿಯೇ ನಡೆಯಿತು. ಈ ವರ್ಷ ರೋಸಾ ಮಂಡಿನೋವು ತಾಳಲಾರದೆ ಹೋಟೆಲು ಮುಚ್ಚಿ ಅಡಿಲೇಡಿನ ಮಗಳ ಮನೆಗೆ ಹೋದರು. ಹೋಗುವಾಗ, ಅಲ್ಲೇ ಇದ್ದ ಜಯಕ್ಕನ ಫೋಟೋವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅಂದಿನಿಂದ ಅದು ನಮ್ಮ ಬೀರುವಿನಲ್ಲಿದೆ. ಜಯಕ್ಕನಿಗೆ ಈಗ ಜಾಗವಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ. ಮಹಾಲಯ ಅಮಾವಾಸ್ಯೆ ಬರುವ ವಾರ.

ಈ ಬೆಳಿಗ್ಗೆ ಸೀದ ರೊಟ್ಟಿಯ ಹೊಗೆ ಹೋಗಲಿ ಅಂತ ನಾನು ಕಿಟಕಿ ತೆರೆಯುತ್ತಿದ್ದಾಗ ನಮ್ಮವರು ಅಡುಗೆಮನೆಗೆ ಬಂದು, ಫೋನನ್ನು ಸ್ಪೀಕರಿನಲ್ಲಿಟ್ಟು ಊರಿಗೆ ಕರೆ ಮಾಡಿದರು. ಈ ಸಲ ಅವರು ‘ಇಡ್ಲಾ’ ಅಂತ ಕೇಳಲಿಲ್ಲ.

“ಅಮ್ಮಾ, ಅಮಾವಾಸ್ಯೆ ದಿನ ಜಯಕ್ಕಂಗೆ ಎಡೆ ಇಡ್ತೀನಿ. ನಮ್ಮನೇಲೇ. ಬಾಗಿಲು ಹಾಕಲ್ಲ. ನಾವೂ ಜೊತೇಲೇ ಕೂತು ಉಣ್ತೀವಿ.”

ಆ ಕಡೆ ಕುಕ್ಕರು ಕೂಗಿತು. ಅತ್ತೆ ಒಲೆ ಆರಿಸಿದ ಸದ್ದು ಕೇಳಿತು.

“ಎಷ್ಟೊತ್ತಿಗೆ ಇಡ್ತೀಯ?”

“ಮಧ್ಯಾಹ್ನ. ಅಲ್ಲಿ ಇನ್ನೂ ಬೆಳಿಗ್ಗೆ ಇರುತ್ತೆ. ಯಾಕಮ್ಮಾ?”

“ಇಲ್ಲಿ ಎಷ್ಟು ಗಂಟೆ ಆಗುತ್ತೆ, ಸರಿಯಾಗಿ ಹೇಳು. ನಾನೂ ಅದೇ ಹೊತ್ತಿಗೆ ತಟ್ಟೆ ಹಾಕ್ಕೊಂಡು ಕೂತ್ಕೋತೀನಿ.”

ನಮ್ಮವರು ಹೇಳಿದರು. ಅತ್ತೆ ಇನ್ನೊಂದು ಸಲ ಕೇಳಿದರು. ಇವರು ಇನ್ನೊಂದು ಸಲ ಹೇಳಿದರು.