ಬೂದಿಗೆ ಹೊಲಿದ ಕಾಲರ್

ಟೈಲರ್ ಮಾಸ್ಟರ್‌ಗೆ ಗೊತ್ತಿಲ್ಲದ ಕಷಾಯವೇ ಇರಲಿಲ್ಲ. ಅಳತೆ ಕೊಡಲು ಬಂದವರು ಒಮ್ಮೆ ಕೆಮ್ಮಿದರೆ ಸಾಕು, ಟೇಪನ್ನು ಕೊರಳಿಗೆ ಹಾಕಿಕೊಂಡೇ ಒಳಗೆ ಹೋಗಿ ಶುಂಠಿ, ಮೆಣಸು ಕುದಿಸಿ ತರುತ್ತಿದ್ದರು. ಬೀದಿಯ ಅರ್ಧ ಜನ ಅವರ ಲೋಟ ಹಿಡಿದು ಮುಖ ಕಿವುಚಿದವರೇ. ಹಾಗಾಗಿ ಮನೆಯ ಬೆಕ್ಕು ಬೂದಿಗೆ ಬಾಲದ ಬುಡದಲ್ಲಿ ಹುಣ್ಣಾದಾಗ ಅವರು ಯಾರನ್ನೂ ಕೇಳಲು ಹೋಗಲಿಲ್ಲ. ಬೇವಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ನೋಡಿದರೆ ಜಿಡ್ಡಿನ ಗುರುತೂ ಇರಲಿಲ್ಲ.

"ನೋಡಿಲ್ಲಿ, ಚರ್ಮ ಹೇಗೆ ಕುಡೀತಾ ಇದೆ! ಔಷಧಿ ನಾಟೋದು ಅಂದ್ರೆ ಇದು."

"ಅದು ಹಾಲೇ ಮುಟ್ಟಿಲ್ಲ ಕಣ್ರೀ," ಎಂದಳು ಗುಂಡಿ ಹಚ್ಚುತ್ತಿದ್ದ ಹೆಂಡತಿ.

"ಕೆಟ್ಟದ್ದು ಹೊರಗೆ ಹೋಗುವಾಗ ಹಾಗೇ."

ಹುಣ್ಣು ಮಾಯಲಿಲ್ಲ. ಇನ್ನಷ್ಟು ಕರ್ಪೂರ ಹಾಕಿದರು. ಅದನ್ನೂ ಚರ್ಮ ಕುಡಿಯಿತು. ಮರುದಿನ ಬೂದಿ ಜೊಲ್ಲು ಸುರಿಸುತ್ತ, ಕಾಲು ತಡವರಿಸುತ್ತ ಬಂದು, ಇಸ್ತ್ರಿ ಮಾಡಿಟ್ಟಿದ್ದ ಪ್ಯಾಂಟಿನ ಮೇಲೆ ವಾಂತಿ ಮಾಡಿ ಅಲ್ಲೇ ಒರಗಿತು.

"ಡಾಕ್ಟರ ಹತ್ರ ಹೋಗ್ತೀರೋ, ನಾನೇ ಎತ್ಕೊಂಡು ಹೋಗ್ಲೋ?" ಎಂದಳು ಹೆಂಡತಿ.

ಮಾಸ್ಟರ್ ಬಟ್ಟೆ ಚೀಲದಲ್ಲಿ ಬೆಕ್ಕನ್ನಿಟ್ಟುಕೊಂಡು ಓಡಿದರು. ಪಶುವೈದ್ಯೆ ಮೂಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ಏನು ಹಚ್ಚಿದ್ರಿ?"

ಹೇಳಿದರು. ಚರ್ಮ ಕುಡಿಯುತ್ತಿತ್ತು ಎಂಬುದನ್ನೂ ಸೇರಿಸಿದರು.

"ಚರ್ಮ ಅಲ್ಲ ಮಾಸ್ಟರೇ, ನಾಲಿಗೆ. ಬೆಕ್ಕಿನ ಮೈಗೆ ಹಚ್ಚಿದ್ದು ಹೊಟ್ಟೆಗೆ ಹೋದ ಹಾಗೇ. ಕರ್ಪೂರ ಅದಕ್ಕೆ ವಿಷ."

ಇಷ್ಟು ವರ್ಷ ಅದು ಮೈ ನೆಕ್ಕುವುದನ್ನು ದಿನವಿಡೀ ನೋಡಿದವರು ತಾವೇ. ಮಾಸ್ಟರ್‌ಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಬೂದಿಯ ಮೈ ತೊಳೆದು, ಸೂಜಿ ಚುಚ್ಚಿ, ಸಂಜೆವರೆಗೂ ಅಲ್ಲೇ ಇರಿಸಿಕೊಂಡರು. ಜೀವ ಉಳಿಯಿತು. ಕಳಿಸುವಾಗ ವೈದ್ಯೆ ಮುಲಾಮು ಕೊಟ್ಟಳು. "ಇದನ್ನೂ ನೆಕ್ಕಬಾರದು. ನಾಲಿಗೆ ಮೈಗೆ ಎಟುಕದ ಹಾಗೆ ಕೊರಳಿಗೆ ಹಾಕೋ ಪಟ್ಟಿ ಇದರ ಅಳತೇದು ಖಾಲಿ ಆಗಿದೆ. ಏನಾದ್ರೂ ಮಾಡ್ಕೊಳ್ಳಿ."

ಅಳತೆ ಎಂದರೆ ಮಾಸ್ಟರ್ ಬಿಟ್ಟಾರೆ? ಅಂಗಿಯ ಕಾಲರಿನೊಳಗೆ ಇಡುವ ಗಟ್ಟಿ ಬಕ್ರಮ್ ಬಟ್ಟೆಯನ್ನು ಕತ್ತರಿಸಿ, ಮುಖದ ಸುತ್ತ ಅರಳಿ ನಿಲ್ಲುವಂತೆ ಹೊಲಿದರು. ಮೊದಲನೆಯದನ್ನು ಬೂದಿ ಮುಂಗಾಲಿನಿಂದ ಮಡಚಿ ಹಾಕಿತು. "ದರಿದ್ರದ್ದೇ!" ಎಂದು ಗೊಣಗುತ್ತ ಬಿಚ್ಚಿ, ಎರಡು ಪದರ ಕೊಟ್ಟು, ಒಳಅಂಚಿಗೆ ಮೆತ್ತನೆ ಹತ್ತಿಬಟ್ಟೆ ಸುತ್ತಿ ಮತ್ತೆ ಹೊಲಿದರು. ಮದುವೆಯ ಅಂಗಿಗೂ ಅಷ್ಟು ಸಣ್ಣ ಹೊಲಿಗೆ ಹಾಕಿದವರಲ್ಲ.

ಹಾಕಿದ್ದು ಮಾತ್ರ ಹೆಂಡತಿ. ಮಾಸ್ಟರ್ ಕೈ ಚಾಚಿದರೆ ಬೂದಿ ಬುಸುಗುಟ್ಟಿ ಹೊಲಿಗೆ ಯಂತ್ರದ ಕೆಳಗೆ ನುಗ್ಗುತ್ತಿತ್ತು. ಅವರು ಯಂತ್ರ ತುಳಿಯುವಾಗ ಪಾದದ ಮೇಲೆ ಮಲಗುತ್ತಿದ್ದ ಪ್ರಾಣಿ ಈಗ ಕಾಲರನ್ನು ಬಾಗಿಲಿಗೆ, ಕುರ್ಚಿಗೆ ಡಿಕ್ಕಿ ಹೊಡೆಸುತ್ತ ಹೋಗಿ ಅವಳ ಮಡಿಲು ಸೇರಿತು. ಮುಲಾಮು ಹಚ್ಚುವುದೂ ಅವಳ ಪಾಲಿಗೇ ಬಂತು. ಹುಣ್ಣು ಅಂಚಿನಿಂದ ಒಣಗತೊಡಗಿತು.

"ಅಳತೆ ಹೇಗಿದೆ?" ಮಾಸ್ಟರ್ ದೂರದಿಂದಲೇ ಕೇಳಿದರು.

"ಅಳತೆ ಸರಿಯಾಗಿದೆ ಬಿಡಿ. ಗಿರಾಕಿಗೇ ಟೈಲರ್ ಮೇಲೆ ಸಿಟ್ಟು."

ಮಾಸ್ಟರ್ ನಗಲಿಲ್ಲ. ಎದ್ದು ನಲ್ಲಿಯ ಹತ್ತಿರ ಹೋಗಿ ಮತ್ತೆ ಸೋಪು ಹಚ್ಚಿ ಕೈ ಉಜ್ಜಿದರು, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಒರೆಸಿಕೊಂಡು ಮೂಸಿ ನೋಡಿದರು. ಬೇವಿನ ವಾಸನೆ ಅಲ್ಲೇ ಇತ್ತು.