ಅಪ್ಪನ ಗಂಟಲಲ್ಲಿ ನಾನು

ಅಪ್ಪನ ಗಂಟಲಿಗೆ ಮೈಸೂರಿನಲ್ಲಿ ಆಪರೇಷನ್ ಆಯಿತು. ಗಾಯ ಮಾಯುವವರೆಗೆ ಮಾತಾಡಕೂಡದು ಎಂದರು ಡಾಕ್ಟರು. ಗುಂಡ್ಲುಪೇಟೆಯ ನಮ್ಮ ಅರಿಶಿನದ ಮಂಡಿ ನಡೆಯುವುದೇ ಅಪ್ಪನ ಫೋನಿನ ಮೇಲಾದ್ದರಿಂದ ಅಮ್ಮ ಕಂಗಾಲಾದಳು. ನನಗೆ ಮಾತ್ರ ಒಳಗೊಳಗೇ ಖುಷಿ. ಬಸ್ ಕಂಡಕ್ಟರನಿಂದ ಹಿಡಿದು ಕಾಲೇಜಿನ ಮೇಷ್ಟ್ರವರೆಗೆ ಎಲ್ಲರ ದನಿಯನ್ನೂ ಕದ್ದು ಬದುಕಿದವನು ನಾನು. ಅಪ್ಪನದಂತೂ ಬಾಯಿಪಾಠ. ಮೊದಲು ಒಂದು ಕೆಮ್ಮು, ಆಮೇಲೆ "ಹೇಳಿ ಸ್ವಾಮಿ", ಕೊನೆಗೆ "ಶಿವ ಅವ್ನೆ, ಕಳಿಸ್ತೀನಿ ಬುಡಿ."

ಫೋನು ನನ್ನ ಕೈಗೆ ಬಂತು. ಅಪ್ಪ ಪಕ್ಕದಲ್ಲಿ ಕೂತು ಸ್ಪೀಕರಿನಲ್ಲಿ ಕೇಳುತ್ತ ತಲೆಯಾಡಿಸುತ್ತಿದ್ದ, ನಾನು ಅವನ ಗಂಟಲಲ್ಲಿ ವ್ಯಾಪಾರ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಆ ದನಿಗೆ ಮೋಸಹೋಗಿ ಒಳಗಿನಿಂದ ಅಮ್ಮ "ರೀ, ಊಟಕ್ಕೆ ಬನ್ನಿ" ಎಂದು ಕೂಗಿದಳು. ಬಂದವನು ನಾನೆಂದು ಕಂಡು ಸೌಟು ಎತ್ತಿದಳು. ಅಂಥ ಪ್ರತಿಭೆ ನನ್ನದು. ಆದರೆ ಯಾರಾದರೂ "ನಿಂಗೇನನ್ನಿಸ್ತದೆ" ಎಂದು ಕೇಳಿದ್ದರೆ, ಯಾರ ದನಿಯಲ್ಲಿ ಹೇಳಲಿ ಎಂದು ತಿರುಗಿ ಕೇಳುತ್ತಿದ್ದೆನೇನೋ.

ಆ ವಾರ ಮಾವನ ಮೂಟೆಗಳು ಬಂದವು. ಮಾವ ಎಂದರೆ ಅಮ್ಮನ ಅಣ್ಣ, ಊರಿಗೆಲ್ಲ ಗೊತ್ತಿರುವ ಮೀಸೆ. ಯಾರದೇ ಮಾಲು ಬರಲಿ, ಅಪ್ಪ ಒಂದು ಅರಿಶಿನದ ಕೊಂಬು ತೆಗೆದು ಮುರಿಯುತ್ತಾನೆ. ಟಕ್ ಎಂದರೆ ಒಣಗಿದೆ, ಬಾಗಿದರೆ ಒಳಗೆ ಹಸಿ. ನೆಂಟರ ಮಾಲನ್ನು ಮಾತ್ರ ಮುರಿಯುವುದಿಲ್ಲ. ಅದು ಅವರ ಮಾತನ್ನೇ ಅನುಮಾನಿಸಿದಂತೆ ಎಂಬುದು ನಮ್ಮ ಮನೆಯಲ್ಲಿ ತಾತನ ಕಾಲದ ಪದ್ಧತಿ. ನಾನು ಮೂಟೆಯ ಮೇಲೆ ಕೂತು ಮಾವನನ್ನು ಅಣಕಿಸುತ್ತ, ಸುಮ್ಮನೆ ಒಂದು ಕೊಂಬು ಮುರಿಯಹೋದೆ. ಬಾಗಿತು. ಪಕ್ಕದ ಮೂಟೆಯದೂ ಬಾಗಿತು.

"ಅಪ್ಪಾ, ಅಸಿ ಅದೆ ಕಣಪ್ಪ."

ಅಪ್ಪ ಕಣ್ಣು ಕೆಂಪಗೆ ಮಾಡಿ, ಬೆರಳಿನಿಂದ ತನ್ನ ಮೇಲ್ದುಟಿಯ ಮೇಲೆ ಮೀಸೆ ಬರೆದು ತೋರಿಸಿದ. ಮಾವನ ಮಾಲು, ಬಾಯಿ ಮುಚ್ಚು ಎಂದರ್ಥ.

ಅಷ್ಟರಲ್ಲೇ ಚಾಮರಾಜನಗರದಿಂದ ಫೋನು. ಅಲ್ಲಿ ಅರಿಶಿನಪುಡಿ ಮಾಡಿಸುವ ಸಾಹೇಬರು, ನಮ್ಮ ಹಳೆಯ ಗಿರಾಕಿ. "ಅಣ್ಣಾ, ಮಾಲು ಒಣಗಿದ್ದದಾ? ಬೇರೆ ಕಡೆ ತಗೊಂಡು ಮಿಷನ್ನಿಗೆಲ್ಲ ಮೆತ್ಕೊಂಬುಡ್ತು. ನೀವು ಹೂಂ ಅನ್ನಿ, ನೋಡೋಕೂ ಬರಲ್ಲ, ಲಾರಿ ಕಳಿಸ್ಬುಡ್ತೀನಿ."

ಅಪ್ಪ ತಲೆಯಾಡಿಸಿದ. ನಾನು ಕೆಮ್ಮಿದೆ. "ಹೇಳಿ ಸ್ವಾಮಿ" ಫೋನೆತ್ತಿದಾಗಲೇ ಆಗಿತ್ತು. ಮೂರನೆಯ ಮಾತು, "ಕಳಿಸ್ತೀನಿ ಬುಡಿ", ನಾಲಿಗೆಯ ತುದಿಯಲ್ಲೇ ಇತ್ತು. ದನಿ ಅಪ್ಪನದು, ತೀರ್ಮಾನ ಅಪ್ಪನದು, ನಾಳೆ ಸಾಹೇಬರ ಮಿಷನ್ನು ಕೆಟ್ಟರೆ ಅದೂ ಅಪ್ಪನದೇ. ಎಷ್ಟು ಹಾಯಾಗಿತ್ತು. ಬಾಗಿದ ಕೊಂಬು ಮಾತ್ರ ನನ್ನ ಕೈಯಲ್ಲಿತ್ತು.

"ಸಾಹೇಬ್ರೇ, ಅಪ್ಪ ಅಲ್ಲ, ನಾನು, ಮಗ. ಮಾಲು ಅಸಿ ಅದೆ. ಇನ್ನೊಂದಷ್ಟು ಬಿಸ್ಲು ಕಾಣ್ಬೇಕು. ಆಮೇಲೆ ಲಾರಿ ಕಳ್ಸಿ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸ್ವಲ್ಪ ಕೀರಲು, ಅಣಕಿಸಲು ಲಾಯಕ್ಕಾದದ್ದು.

"ಗೊತ್ತಿತ್ತು ಬುಡಪ್ಪ," ಎಂದು ಸಾಹೇಬರು ನಕ್ಕರು. "ನಿಮ್ಮಪ್ಪ ಯಾವತ್ತು ನಂಗೆ ಸ್ವಾಮಿ ಅಂದವ್ರೆ? ಭಾಯಿ ಅಂತಾರೆ. ಮರ್ಯಾದೆಗೆ ಸುಮ್ನಿದ್ದೆ. ಒಣಗಿದ್ಮೇಲೆ ನೀನೇ ಫೋನ್ ಮಾಡು."

ಸಂಜೆಯವರೆಗೆ ಅಪ್ಪ ನನ್ನತ್ತ ತಿರುಗಲಿಲ್ಲ. ಸುದ್ದಿ ಕೇಳಿದ ಮಾವ ಬೈಕಿನಲ್ಲಿ ಬಂದಿಳಿದ.

"ನೆಂಟ್ರ ಕೊಂಬು ಮುರಿಯೋ ಅಷ್ಟು ದೊಡ್ಡೋನಾಗ್ಬುಟ್ಯೇನ್ಲಾ?"

"ಮುರೀಲಿಲ್ಲ ಮಾವ. ಅದ್ಕೇ ಇಷ್ಟೆಲ್ಲ."

ಅಪ್ಪ ಗಂಟಲು ಹಿಡಿದುಕೊಂಡ. ನಗು ಬಂದರೆ ಹೊಲಿಗೆ ನೋಯುತ್ತಿತ್ತು. ಆಮೇಲೆ ಎದ್ದು ಮೂಟೆಗೆ ಕೈಹಾಕಿ, ಒಂದು ಕೊಂಬನ್ನು ತಾನೇ ಬಾಗಿಸಿ ನೋಡಿ, ಮಾವನ ಕೈಗಿಟ್ಟ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಮೋಡ ಇತ್ತು ಕಣಪ್ಪ," ಎಂದ, ನನಗಲ್ಲ, ಕೊಂಬಿಗೆ.

ಮರುದಿನ ಮಾವನ ಅರಿಶಿನ ನಮ್ಮ ಅಂಗಳದಲ್ಲಿ ಹರಡಿತ್ತು. ಫೋನು ಬಂತು. ಅಭ್ಯಾಸಬಲದಿಂದ ಅಪ್ಪನ ತಲೆಯ ಕಡೆ ನೋಡಿದೆ. ಅದು ಆಡಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತ ಕೂತಿದ್ದ.

ನಾನು ಕೆಮ್ಮದೆ ಫೋನೆತ್ತಿದೆ.