ನಿನ್ನೆ ಏನಾಗಲಿಲ್ಲ

ನೂರುಲ್ಲಾ ಮೇಷ್ಟ್ರು ತರಗತಿಗೆ ಬಂದರೆ ಹಾಜರಿ ಕೂಗುವುದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: “ನಿನ್ನೆ ಏನೇನಾಗ್ಲಿಲ್ಲ, ಹೇಳಿ ನೋಡಣ.”

ಬೇರೆ ಶಾಲೆಗಳ ಮಕ್ಕಳು ಪ್ರಾರ್ಥನೆ ಮುಗಿಸಿ ಪತ್ರಿಕೆಯ ಮುಖ್ಯಾಂಶ ಓದುವ ಹೊತ್ತಿಗೆ, ನಾಗಮಂಗಲದ ನಮ್ಮ ಹೈಸ್ಕೂಲಿನಲ್ಲಿ ನಾವು ಆಗದೇ ಹೋದ ಸುದ್ದಿಗಳನ್ನು ಹೆಕ್ಕುತ್ತಿದ್ದೆವು. ನಿನ್ನೆ ಬೆಂಗಳೂರಿನ ಬಸ್ಸು ಪಲ್ಟಿಯಾಗಲಿಲ್ಲ. ಕೆರೆ ಏರಿ ಒಡೆಯಲಿಲ್ಲ. ಹೆಡ್‌ಮೇಷ್ಟ್ರು ನಗಲಿಲ್ಲ. ಕೊನೆಯದನ್ನು ಹೇಳಿದವಳು ನಾನು. ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಅದು ಯಾವತ್ತೂ ಆಗಲ್ಲ ಬೇಟಿ. ಸುದ್ದಿ ಅಲ್ಲ ಅದು, ಹವಾಮಾನ” ಅಂದರು. ಅವತ್ತೇ ನನ್ನನ್ನು ಚರ್ಚಾಸ್ಪರ್ಧೆಯ ತಂಡಕ್ಕೆ ಸೇರಿಸಿಕೊಂಡರು.

ಕಡ್ಡಿಯಂಥ ಆಳು. ಅವರಪ್ಪ ಲಾರಿ ಓಡಿಸುತ್ತಿದ್ದವರು. ಆ ಲಾರಿಯ ಹಾರ್ನೇ ಮಗನ ಗಂಟಲಿಗೆ ಬಂದಿದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಪಾಠ ಸಮಾಜ ವಿಜ್ಞಾನದ್ದು, ಪ್ರಾಣ ಮಾತ್ರ ಚರ್ಚೆಯ ಮೇಲೆ. ಷರ್ಟಿನ ಜೇಬಿನಲ್ಲಿ ಸದಾ ಹುರಿಗಡಲೆ. ನಾವು ಒಳ್ಳೆಯ ವಾದ ಹೂಡಿದರೆ ನಮ್ಮ ಅಂಗೈಗೆ ನಾಕು ಕಾಳು ಬೀಳುತ್ತಿದ್ದವು, ಕೆಟ್ಟ ವಾದ ಹೂಡಿದರೆ ಅದೇ ಕಾಳನ್ನು ನಮ್ಮ ಮುಂದೆಯೇ ನಿಧಾನವಾಗಿ ಅಗಿಯುತ್ತಿದ್ದರು. ಸೋಲು ಅವರಿಗೆ ಸುತರಾಂ ಆಗದು. ಕೃಷ್ಣರಾಜಪೇಟೆಯ ಒಂದು ಸ್ಪರ್ಧೆಯಲ್ಲಿ ನಾವು ಸೋತಾಗ, ತೀರ್ಪುಗಾರರ ಬೆನ್ನು ಹತ್ತಿ ಬಸ್‌ಸ್ಟ್ಯಾಂಡಿನವರೆಗೂ ವಾದ ಮಾಡಿಕೊಂಡು ಹೋಗಿ, ಅವರು ಹತ್ತಿದ ಬಸ್ಸಿನ ಕಿಟಕಿಯಲ್ಲಿ ಕೊನೆಯ ಅಂಶ ಮಂಡಿಸಿದ್ದರು.

ಆದರೆ ಅವರಿಗೊಂದು ಕಟ್ಟುನಿಟ್ಟಿತ್ತು. “ಎದುರಾಳಿ ಮಾತನ್ನ ಅವನಿಗಿಂತ ಚೆನ್ನಾಗಿ ನೀನು ಹೇಳ್ಬೇಕು. ‘ಅರೆ, ನಾನು ಹೇಳ್ಬೇಕು ಅಂತಿದ್ದಿದ್ದೂ ಇದೇ’ ಅಂತ ಅವನ ಬಾಯಲ್ಲಿ ಬರ್ಬೇಕು. ಆಮೇಲೆ ಕೆಡವು.” ಚರ್ಚೆಯಲ್ಲಿ ಬಹುಮಾನ ತೆಗೆದುಕೊಂಡವರೆಲ್ಲ ಎದುರಾಳಿಯನ್ನು ಅಣಕಿಸಿ ಗೆದ್ದವರೇ ಎಂದು ನಾನು ವಾದಿಸುತ್ತಿದ್ದೆ. ಅವರು ಕಡಲೆ ಅಗಿಯುತ್ತಿದ್ದರು.

ನಾನು ಪದವಿ ಮುಗಿಸಿದ ವರ್ಷ ನಮ್ಮ ಭವಾನಿ ಅಕ್ಕನಿಗೆ ಪಾಂಡವಪುರದ ಪಕ್ಕದ ಊರಿನಿಂದ ಸಂಬಂಧ ಕೂಡಿಬಂತು. ನಮ್ಮಪ್ಪ ಮರಗೆಲಸದವರು, ಹುಡುಗನ ಕಡೆಯವರು ಅಕ್ಕಸಾಲಿಗರು. ಆ ಮನೆಯ ಸೊಸೆಯಂದಿರ ತಾಳಿಯನ್ನು ಅಂಗಡಿಯಿಂದ ತರುವುದಿಲ್ಲ. ಮನೆಯ ಗಂಡಸರೇ ಮನೆಯ ಅಗ್ಗಿಷ್ಟಿಕೆಯಲ್ಲಿ ಮಾಡಬೇಕು. ಹುಡುಗನ ಚಿಕ್ಕಪ್ಪ ನಾಗಲಿಂಗಾಚಾರಿ ಚಿನ್ನ ಕರಗಿಸಲು ಕೂತಿದ್ದಾಗ ನೆಲದೊಳಗಿಂದ ಢಮ್ ಎಂದು ಸದ್ದು ಬಂದು, ಮನೆ ಅದುರಿ, ಮೂಸೆಯ ಬಟ್ಟಲು ಇಕ್ಕಳದಿಂದ ಜಾರಿ ಚಿನ್ನ ಬೂದಿಗೆ ಬಿತ್ತು. ಆ ಕಡೆ ಅಂಥ ಸದ್ದು ಹೊಸದಲ್ಲ. ಕಲ್ಲುಕ್ವಾರಿಯ ಸಿಡಿತ ಎನ್ನುವವರಿದ್ದಾರೆ, ಭೂಮಿಯೇ ಅಲುಗುತ್ತದೆ ಎನ್ನುವವರಿದ್ದಾರೆ. ಆದರೆ ನಾಗಲಿಂಗಾಚಾರಿ ಆ ಹೊತ್ತಿಗಾಗಲೇ ತಿಂಗಳುಗಟ್ಟಲೆ ಫೋನಿನಲ್ಲಿ ಬೆಂಕಿ ಕಾರುವ ಬೆಟ್ಟ, ಕುಸಿಯುವ ಊರು, ಮೇಲೇಳುವ ಸಮುದ್ರ ನೋಡಿ ನೋಡಿ ತಯಾರಾಗಿದ್ದರು. ಭೂಮಿ ಒಡೆಯುವ ಕಾಲ ಬಂದಿದೆ, ಈ ವರ್ಷ ಕಳೆಯಲಿ, ಲಗ್ನ ಮುಂದಕ್ಕೆ ಹಾಕೋಣ ಎಂದು ಹೇಳಿ ಕಳಿಸಿದರು.

ನಮ್ಮಲ್ಲಿ ಮುಂದಕ್ಕೆ ಹಾಕಿದ ಲಗ್ನ ಅಂದರೆ ಮುರಿದ ಲಗ್ನವೇ. ಅಪ್ಪ ಉಳಿ ಮಸೆಯುತ್ತಾ ಕೂತರು. ಅಕ್ಕ ನನ್ನ ಹತ್ತಿರ ಬಂದು, “ನೀನು ಬೇಡ, ಜಗಳ ಮಾಡ್ಕೊಂಡು ಬರ್ತೀಯ. ನಿಮ್ ಮೇಷ್ಟ್ರನ್ನ ಕರ್ಕೊಂಡೋಗು” ಅಂದಳು.

ಹೋದೆವು. ನಡುಮನೆಯಲ್ಲಿ ನಾಗಲಿಂಗಾಚಾರಿ, ಅವರ ತಾಯಿ ಕಾಳಮ್ಮಜ್ಜಿ, ಮೂಲೆಯಲ್ಲಿ ಮುಖ ಇಳಿಬಿಟ್ಟುಕೊಂಡು ಮದುವೆಯ ಹುಡುಗ. ಮೇಷ್ಟ್ರು ಕಾಫಿ ಕುಡಿದು ನಾಗಲಿಂಗಾಚಾರಿಯ ಪರವಾಗಿಯೇ ಶುರುಮಾಡಿದರು. ಭೂಮಿಯ ಹೊಟ್ಟೆಯಲ್ಲಿ ಕಲ್ಲು ಕರಗಿ ಕುದಿಯುವ ಜಾಗಗಳಿವೆ, ನಾವು ನಿಂತ ನೆಲ ಒಂದೇ ಬಂಡೆಯಲ್ಲ, ತುಂಡು ತುಂಡಾಗಿ ಸರಿಯುತ್ತಲೇ ಇದೆ, ಎಲ್ಲಿ ಬಿಗಿ ಹೆಚ್ಚಾಗುತ್ತದೋ ಅಲ್ಲಿ ಸೀಳುತ್ತದೆ. ಆ ಗಂಟಲಿನಲ್ಲಿ ಇದನ್ನೆಲ್ಲ ಕೇಳಿ ಹುಡುಗ ಇನ್ನೂ ಕುಗ್ಗಿದ. ನನಗೋ ಇವರನ್ನು ಯಾಕಾದರೂ ಕರೆತಂದೆನೋ ಅನ್ನಿಸಿತು.

“ನಾನೂ ಅದ್ನೇ ಏಳ್ತಿರಾದು ಮೇಷ್ಟ್ರೇ” ಅಂದರು ನಾಗಲಿಂಗಾಚಾರಿ. “ನೀವು ಓದಿದೋರು, ಸರ್ಯಾಗಿ ಏಳುದ್ರಿ.”

ಆ ಮಾತಿಗೇ ಮೇಷ್ಟ್ರು ಕಾದಿದ್ದರು. ಈಗ ಕೆಡವುವ ಸರದಿ. ಯಾವ ದಿನ ತೆಗೆದುಕೊಂಡರೂ ಲೋಕದಲ್ಲಿ ಎಲ್ಲೋ ನೆಲ ನಡುಗುತ್ತಲೇ ಇರುತ್ತದೆ, ಎಲ್ಲೋ ಜ್ವಾಲಾಮುಖಿ ಉಗುಳುತ್ತಲೇ ಇರುತ್ತದೆ; ಅಜ್ಜಿ ಹುಟ್ಟಿದ ದಿನವೂ ಹಾಗೇ ಇತ್ತು. ಅಂದು ಅದು ಈ ಊರಿಗೆ ಗೊತ್ತಾಗುತ್ತಿರಲಿಲ್ಲ, ಇಂದು ಅಂಗೈಗೆ ಬಂದು ಬೀಳುತ್ತದೆ. ಜಾಸ್ತಿ ಆಗುವುದೂ ಜಾಸ್ತಿ ಕಾಣುವುದೂ ಒಂದೇ ಅಲ್ಲ. ಇಷ್ಟು ಹೇಳಿ ತಮ್ಮ ಹಳೆಯ ಪ್ರಶ್ನೆ ತೆಗೆದರು: “ಸದ್ದು ಬಂದ ದಿನ ಮೂಸೆ ಬಿತ್ತು, ಸರಿ. ಸದ್ದು ಬಂದೂ ಮೂಸೆ ಬೀಳದೇ ಇದ್ದ ದಿನ ಎಷ್ಟಿವೆ ಆಚಾರ್ರೇ?”

ಉತ್ತರ ಬಂದದ್ದು ಅಜ್ಜಿಯಿಂದ.

“ಲೋ ನಾಗ, ನಿನ್ ಮದ್ವೆ ತಾಳಿ ಮಾಡುವಾಗ್ಲೂವೆ ಗ್ವಾಡೆ ಮ್ಯಾಲಿನ್ ಇಕ್ಕಳ ಎಲ್ಲಾ ಕುಣಿದ್ವು ಕಣ್ಲಾ. ನಿಮ್ಮಪ್ಪ ಬೀಡಿ ಸೇದ್ತಾನೇ ಮಾಡುದ್ರು. ಏನಾಯ್ತು? ಎಲ್ಲಾ ಬುಟ್ಟೋದ್ರೂವೆ ನಿನ್ನೆಂಡ್ತಿ ಇವತ್ಗೂ ನಿನ್ನ ಬುಟ್ಟೋಗಿಲ್ಲ.”

ಅಡುಗೆಮನೆಯಲ್ಲಿ ಯಾರೋ ಕಿಸಕ್ಕೆಂದರು. ನಾಗಲಿಂಗಾಚಾರಿ ಜಗ್ಗಲಿಲ್ಲ. ಹಾಗಾದರೆ ಇಲ್ಲಿ ಭೂಕಂಪ ಬರುವುದೇ ಇಲ್ಲ ಎಂದು ಬರೆದುಕೊಡುತ್ತೀರಾ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

“ಕೊಡಲ್ಲ” ಅಂದರು ಮೇಷ್ಟ್ರು. “ಬಂದ್ರೂ ಬರ್ಬೋದು. ಯಾವತ್ತು ಅಂತ ಫೋನಿನವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೆ ಗೋಡೆ ಗಟ್ಟಿಯಾಗಿ ಕಟ್ಕೊಬೇಕು. ಮದುವೆ ನಿಲ್ಲಿಸಿದ್ರೆ ಗೋಡೆ ಗಟ್ಟಿ ಆಗ್ತದಾ?”

ಆಗ ಬಂತು ಆ ಸದ್ದು. ಢಮ್. ಕಾಲಡಿಯ ನೆಲ ಒಮ್ಮೆ ಅದುರಿತು. ಕಾಫಿಯ ಲೋಟಗಳು ತಟ್ಟೆಯಲ್ಲಿ ಗಲಗಲ ಅಂದವು. ಎಲ್ಲರೂ ನೆಲ ನೋಡಿದರು. ಅಜ್ಜಿಯ ಮುಖ ಮಾತ್ರ ನಿಧಾನವಾಗಿ ಅರಳಿತು.

“ಭೂಮ್ತಾಯಿ ಊಂ ಅಂದ್ಬುಟ್ಲು ಕಣ್ಲಾ. ಇನ್ನೇನು ಬೇಕು ನಿಂಗೆ?”

ನಾಗಲಿಂಗಾಚಾರಿ ತಾವಾಗಿ ಕೈ ಮುಗಿದರು. ಗೆದ್ದೆವು. ಅಕ್ಕನ ಮದುವೆ ಆಯಿತು ಎಂದು ನಾನು ಎದ್ದೇಬಿಟ್ಟಿದ್ದೆ. ಮೇಷ್ಟ್ರು ಅಡ್ಡಡ್ಡ ತಲೆಯಾಡಿಸಿದರು.

“ಇಲ್ಲ ಅಜ್ಜಿ. ಅವತ್ತು ಬೇಡ ಅಂದಿದ್ದೂ ಅಲ್ಲ, ಇವತ್ತು ಹೂಂ ಅಂದಿದ್ದೂ ಅಲ್ಲ.”

ನಾನು ಅವರ ಷರ್ಟಿನ ತೋಳು ಜಗ್ಗಿದೆ. ಅವರು ತೋಳು ಬಿಡಿಸಿಕೊಂಡರು.

“ಇದು ನಮ್ಮ ಕಡೆಗಿದೆ ಅಂತ ಇವತ್ತು ಸುಮ್ನಿದ್ರೆ, ನಾಳೆ ಇನ್ನೊಂದು ಸದ್ದು ಬರ್ತದೆ. ಹಾಲು ಉಕ್ಕಿದಾಗ, ಮಗು ಅತ್ತಾಗ ಬರ್ತದೆ. ಒಂದೊಂದು ಸಲಕ್ಕೂ ಆ ಹುಡುಗಿ ಈ ಮನೇಲಿ ಎಲ್ಲರ ಮುಖ ನೋಡ್ಕೊಂಡು ನಿಲ್ಬೇಕಾಗ್ತದೆ.”

ಕೈಗೆ ಬಂದ ಮದುವೆಯನ್ನು ಇವರೇ ಕೆಳಗೆ ಹಾಕಿದರಲ್ಲ ಎಂದು ನನಗೆ ಅಳು ಬರುವುದೊಂದು ಬಾಕಿ. ಅಜ್ಜಿ ಮೇಷ್ಟ್ರನ್ನೇ ದಿಟ್ಟಿಸಿದರು.

“ಅಂಗಾರೆ ಭೂಮಿ ಏನೂ ಏಳಾಕಿಲ್ಲ ಅಂತೀರಾ?”

“ಏನೂ ಹೇಳಲ್ಲ ಅಜ್ಜಿ.”

“ಸರಿ ಬುಡಿ. ಅಂಗಾರೆ ನಾನೇ ಏಳ್ತೀನಿ.” ಅಜ್ಜಿ ಮಗನ ಕಡೆ ತಿರುಗಿದರು. “ಲೋ ನಾಗ, ಅಗ್ಗಿಷ್ಟಿಕೆ ಅಚ್ಚು. ಆ ಎಣ್ಣು ನಮ್ಮನೆಗೆ ಬರ್ಲಿ.”

ನಾಗಲಿಂಗಾಚಾರಿ ಒಂದು ಗಳಿಗೆ ತಾಯಿಯನ್ನೂ ಒಂದು ಗಳಿಗೆ ಲೋಟವನ್ನೂ ನೋಡಿದರು. ಆಮೇಲೆ ಎದ್ದು ಇದ್ದಿಲು ತರಲು ಹೋದರು. ಹುಡುಗ ಅವರಿಗಿಂತ ಮೊದಲೇ ಓಡಿದ್ದ.

ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಮೇಷ್ಟ್ರಿಗೆ ಸರಿಯಾಗಿ ಬೈದೆ. ಗೆದ್ದ ವಾದವನ್ನು ಯಾರಾದರೂ ವಾಪಸ್ ಕೊಡುತ್ತಾರಾ? “ಸುಳ್ಳು ನಮ್ಮ ಪಕ್ಕ ಬಂದು ಕೂತ್ರೂ ಎಬ್ಬಿಸಿ ಕಳಿಸ್ಬೇಕು ಬೇಟಿ” ಎಂದವರೇ ಜೇಬನ್ನು ಪೂರ್ತಿ ತಿರುವಿ, ಅಷ್ಟೂ ಹುರಿಗಡಲೆಯನ್ನು ನನ್ನ ಬೊಗಸೆಗೆ ಸುರಿದರು. ನಾನು ಆ ದಿನ ಒಂದೂ ವಾದ ಹೂಡಿರಲಿಲ್ಲ. ನಾಗಮಂಗಲದವರೆಗೂ ಕಂಡಕ್ಟರನಿಂದ ಹಿಡಿದು ಪಕ್ಕದ ಸೀಟಿನ ತೆಂಗಿನಕಾಯಿ ವ್ಯಾಪಾರಿಯವರೆಗೆ ಎಲ್ಲರಿಗೂ ಆ ಗಂಟಲಿನಲ್ಲಿ ಗೆಲುವಿನ ಕಥೆ ತಲುಪಿತು.

ಅಕ್ಕನ ಮಗ ಈಗ ಓಡಾಡುತ್ತಾನೆ. ಪಾತ್ರೆ ಅಲುಗಿದರೆ ಕಾಳಮ್ಮಜ್ಜಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನೇನಾಗ್ಲಿಲ್ಲ ಏಳ್ಲಾ ಎಂದು ಕೇಳುತ್ತಾರಂತೆ.

ಮೇಷ್ಟ್ರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಹೆಚ್ಚು ನರಳಲಿಲ್ಲ. ನಾಗಲಿಂಗಾಚಾರಿ ಪಾಂಡವಪುರದ ಕಡೆಯಿಂದ ಬಂದು, ಗಂಡಸರ ಜೊತೆ ಖಬರಸ್ತಾನಕ್ಕೆ ಹೋಗಿ ಮಣ್ಣು ಹಾಕಿ, ಮೇಷ್ಟ್ರ ಮನೆಯ ಮುಂದೆ ನಿಂತಿದ್ದ ನನ್ನ ಹತ್ತಿರ ಬಂದರು. ಕೈಯಲ್ಲಿನ್ನೂ ಮಣ್ಣಿತ್ತು. ಬೆಳಿಗ್ಗೆ, ಸರಿಯಾಗಿ ಮೇಷ್ಟ್ರ ಜೀವ ಹೋದ ಹೊತ್ತಿನಲ್ಲೇ ತಮ್ಮ ಮನೆ ಅದುರಿತೆಂದೂ, ಅಂಥವರು ಹೋಗುವಾಗ ಭೂಮಿಗೂ ತಡೆಯಲಾಗುವುದಿಲ್ಲವೆಂದೂ ಹೇಳಿದರು.

ನಂಬಬೇಕೆಂದು ನನಗೆ ಎಷ್ಟು ಆಸೆಯಾಯಿತು ಎಂದರೆ ಹೇಳಲಾರೆ. ಆದರೆ ಆ ಮಾತು ನನ್ನ ಪಕ್ಕ ಬಂದು ಕೂತಿತ್ತು.

“ಇಲ್ಲ ಮಾವ” ಅಂದೆ. “ಅದು ಮೇಷ್ಟ್ರಿಗೋಸ್ಕರ ಬಂದಿದ್ದಲ್ಲ.”

ನಾಗಲಿಂಗಾಚಾರಿ ನನ್ನನ್ನೇ ದಿಟ್ಟಿಸಿದರು. “ಅಂಗಾರೆ ಭೂಮಿ ಏನೂ ಏಳ್ನಿಲ್ಲ ಅಂತೀಯಾ?”

“ಏನೂ ಹೇಳ್ಲಿಲ್ಲ ಮಾವ.”

“ಸರಿ ಬುಡವ್ವ.” ಕೈಯ ಮಣ್ಣನ್ನು ಅವರು ಕೊಡವಲಿಲ್ಲ. “ಅಂಗಾರೆ ನಾನೇ ಏಳ್ತೀನಿ. ದೊಡ್ ಮನುಸ ಕಣವ್ವ ಅವ್ರು.”

ಅದಕ್ಕೆ ನನ್ನ ಹತ್ತಿರ ಎದುರುವಾದ ಇರಲಿಲ್ಲ.